ಅಕ್ಕನ ಹೆಸರಿನ ನಂಬರು

ತಮ್ಮ ಆ ಹಳೆಯ ಫೋನನ್ನು ಮೇಜಿನ ಮೇಲೆ ಎಸೆದ ರೀತಿಯನ್ನು ಅಕ್ಕ ಸಾಯುವವರೆಗೂ ಮರೆಯುವವಳಲ್ಲ. ಕೈಗೆ ಕೊಟ್ಟಿದ್ದರೆ ಬೇರೆ ಮಾತು. ಮುಂದಿಟ್ಟು ಹೋಗಿದ್ದರೂ ನುಂಗಿಕೊಳ್ಳುತ್ತಿದ್ದಳೇನೋ. ಅವನು ಎಸೆದ. ಫೋನು ಮೇಜಿನುದ್ದಕ್ಕೂ ಜಾರಿಕೊಂಡು ಹೋಗಿ ಸೋದರಮಾವನ ನೀರಿನ ಲೋಟಕ್ಕೆ ಬಡಿದು ನಿಂತಿತು.

"ತಗೋ ನಿನ್ನ ಕಾಂಟ್ರಾಕ್ಟ್ ಫೋನು," ಎಂದ. "ತಿಂಗಳು ತಿಂಗಳು ಕಂತು ಕಟ್ಕೊಂಡು ಕೂರೋ ಭಿಕಾರಿ ಬಾಳು ನನಗೆ ಬೇಡ. ನಾನು ಒಂದೇ ಸಲಕ್ಕೆ ಪೂರ್ತಿ ದುಡ್ಡು ಕೊಟ್ಟು ಸ್ವಂತದ್ದು ತಗೊಂಡಿದೀನಿ."

ಹಾಗೆಂದು ಜೇಬಿನಿಂದ ಹೊಸದನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಅದರ ಬೆನ್ನು ಎಷ್ಟು ನುಣ್ಣಗಿತ್ತೆಂದರೆ ಅಮ್ಮ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು.

"ಹಳೇದರ ಕಂತು ಇನ್ನೂ ಮುಗಿದಿಲ್ವಲ್ಲೋ," ಎಂದಳು ಅಕ್ಕ.

"ನಿನ್ನ ಹೆಸರಲ್ಲಿದೆ ತಾನೆ? ನೀನೇ ನೋಡ್ಕೋ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಕ್ಕನಂತೂ ಇಟ್ಟುಕೊಂಡಳು.

ಅವತ್ತು ಅಮ್ಮನ ಮನೆಯ ನಡುಕೋಣೆಯಲ್ಲಿ ನಡೆದದ್ದು ಹೆಸರಿಗೆ ಮಾತುಕತೆ. ಅದಕ್ಕೆ ಹಿಂದಿನ ವಾರವೇ ತಮ್ಮ ಅಂಗಡಿಯ ಬೀಗ ಬದಲಾಯಿಸಿಯಾಗಿತ್ತು. ಅಕ್ಕ ಬೆಳಿಗ್ಗೆ ಹೋಗಿ ಬಾಗಿಲ ಮುಂದೆ ನಿಂತು ಹಳೆಯ ಕೀಲಿಯನ್ನು ಆ ಕಡೆ ಈ ಕಡೆ ತಿರುಗಿಸಿ, ಬೀಗ ತುಕ್ಕು ಹಿಡಿದಿರಬೇಕು ಎಂದುಕೊಂಡು ಎಣ್ಣೆ ಬಿಡುತ್ತಿದ್ದಳಂತೆ. ಪಕ್ಕದ ಅಂಗಡಿಯವರು ನೋಡಿ ನೋಡಿ ಸಾಕಾಗಿ, "ಅಕ್ಕಾ, ಅದು ಹೊಸ ಬೀಗ," ಎಂದು ಹೇಳಿದರು. ಇಡೀ ಬೀದಿಯ ಎದುರು ಎಣ್ಣೆ ಡಬ್ಬಿ ಹಿಡಿದುಕೊಂಡು ಬೆಪ್ಪಾಗಿ ನಿಂತದ್ದು ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

ಅಂಗಡಿ ಅಪ್ಪ ಇಟ್ಟದ್ದು, ಬಟ್ಟೆ ಒಗೆಯುವ ಮೆಷಿನ್ ರಿಪೇರಿಯದು. ಕೆಲಸ ಕಲಿತವಳು ಮಗಳು. ಮಗನಿಗೆ ಸ್ಕ್ರೂಡ್ರೈವರ್ ಕಂಡರೆ ತಲೆನೋವು ಬರುತ್ತಿತ್ತು, ಆದರೆ ಮಾತಿನಲ್ಲಿ ಎತ್ತಿದ ಕೈ. ಮೆಷಿನ್ ನಿಂತುಹೋಯಿತೆಂದು ರೇಗಿಕೊಂಡು ಫೋನು ಮಾಡಿದ ಗಿರಾಕಿಯನ್ನೂ ನಗಿಸಿ ಇಡುತ್ತಿದ್ದ. ಅಪ್ಪ ಹೋದ ಮೇಲೆ ಇಬ್ಬರೂ ಕೂಡಿ ನಡೆಸಿದರು. ಬಾಯಿ ಅವನದು, ಕೈ ಇವಳದು. ಇವಳ ಕೈ ಯಾವಾಗಲೂ ಒದ್ದೆ, ಇಲ್ಲದಿದ್ದರೆ ಗ್ರೀಸು. ಅಂಥ ಕೈಯಲ್ಲಿ ಫೋನು ಹಿಡಿಯುವುದು ಹೇಗೆ? ಹಾಗಾಗಿ ಅಂಗಡಿಗೆಲ್ಲ ಒಂದೇ ಫೋನು, ಅದು ತಮ್ಮನ ಅಂಗಿಯ ಜೇಬಿನಲ್ಲಿ. ಅವನು ಮಾತಾಡಿ ವಿಳಾಸ ಹೇಳುತ್ತಿದ್ದ, ಇವಳು ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದಳು.

ಅಪ್ಪ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ರಿಪೇರಿ ಮುಗಿದ ಮೇಲೆ ಮೆಷಿನ್ನಿನ ಮುಚ್ಚಳದ ಒಳಗಡೆ ಒಂದು ಹಳದಿ ಚೀಟಿ ಅಂಟಿಸಬೇಕು. ಹೊರಗಡೆ ಅಂಟಿಸಿದರೆ ಮನೆಯವರು ಅಂದಗೆಡುತ್ತದೆಂದು ಕಿತ್ತುಹಾಕುತ್ತಾರೆ. ಒಳಗಡೆಯಾದರೆ ಬಟ್ಟೆ ಹಾಕುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಚೀಟಿಯಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಬರೀ ಫೋನ್ ನಂಬರು, ಕೆಂಪು ದಪ್ಪ ಅಂಕಿಯಲ್ಲಿ. ಅಕ್ಕ ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿಂದ ನಾಲ್ಕು ಮೂಲೆ ಒತ್ತಿ ಅಂಟಿಸುತ್ತಿದ್ದಳು. ಸೋಪಿನ ನೀರು ಬಿದ್ದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಊರಲ್ಲಿ ಅರ್ಧ ಮನೆಗಳಿಗೆ ಆ ನಂಬರೇ ಗೊತ್ತು. ಯಾರ ನಂಬರು ಎಂದು ಯಾರೂ ಕೇಳಿದವರಲ್ಲ.

ಆ ನಂಬರು ಬಂದದ್ದು ಅಪ್ಪ ಹೋದ ಮೇಲೆ, ಕಾಂಟ್ರಾಕ್ಟಿನ ಜೊತೆಗೆ. ಆಗ ತಮ್ಮ ಒಂದು ಬೈಕಿನ ಸಾಲ ಮುಳುಗಿಸಿ ಕೂತಿದ್ದ. ಅವನ ಹೆಸರು ಹೇಳಿದರೆ ಫೋನ್ ಅಂಗಡಿಯವರು ಬೇರೆ ಕಡೆ ನೋಡುತ್ತಿದ್ದರು. "ನಿನ್ನ ಹೆಸರಲ್ಲಿ ತಗೊಳ್ಳೋಣ ಅಕ್ಕಾ, ನಿನ್ನ ಹೆಸರು ಶುದ್ಧವಾಗಿದೆ," ಎಂದು ಬೆಣ್ಣೆ ಹಚ್ಚಿದ. ಅಕ್ಕ ಬಟ್ಟೆಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಸೆಟ್ಟು ಹಳತಾದಾಗ ಮತ್ತೆ ಸಹಿ ಹಾಕಿ ಹೊಸದು ತಂದರು. ಸೆಟ್ಟು ಬದಲಾಯಿತು, ನಂಬರು ಬದಲಾಗಲಿಲ್ಲ. ಕಂತು, ಮಾತಿನ ಬಿಲ್ಲು ಎಲ್ಲ ಸೇರಿಸಿ ತಿಂಗಳು ತಿಂಗಳು ಅಕ್ಕನ ಖಾತೆಯಿಂದ ಹೋಗುತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು, ಅದು ಸಣ್ಣದು. ದಿನಾ ಮಧ್ಯಾಹ್ನ ಅಮ್ಮ ಮನೆಯ ಫೋನಿನಿಂದ ಆ ನಂಬರಿಗೆ ಕರೆ ಮಾಡುತ್ತಿದ್ದಳು. "ಊಟ ಆಯ್ತಾ ಮಗನೇ?" ಅಮ್ಮನ ದನಿ ದೊಡ್ಡದು, ಮೆಷಿನ್ನಿನ ಡ್ರಮ್ಮಿನೊಳಗೆ ತಲೆ ತೂರಿಸಿ ಕೂತ ಅಕ್ಕನಿಗೂ ಕೇಳುತ್ತಿತ್ತು. ಆಯ್ತಮ್ಮ, ಆಯ್ತು ಎನ್ನುತ್ತಿದ್ದ ತಮ್ಮ. ಪಕ್ಕದಲ್ಲಿ ಇನ್ನೊಂದು ಜೀವ ಹೊಟ್ಟೆಗಿಲ್ಲದೆ ಬೇರಿಂಗ್ ಕೀಳುತ್ತಿದೆ ಎಂಬುದು ಅಮ್ಮನಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ. ಎಷ್ಟು ವರ್ಷ. ಒಂದು ಸಲವಾದರೂ, ಅವಳು ಉಂಡಳಾ ಅಂತ? ಇಲ್ಲ.

ಹೀಗಿರುವಾಗ ತಮ್ಮ ಸಂಬಳಕ್ಕೆ ಇಬ್ಬರು ಹುಡುಗರನ್ನು ಇಟ್ಟುಕೊಂಡ. ಅಕ್ಕನ ಪಾಲು ಕೊಡುವುದಕ್ಕಿಂತ ಹುಡುಗರ ಸಂಬಳ ಅಗ್ಗ ಎಂದು ಲೆಕ್ಕ ಹಾಕಿದ. ಬೀಗ ಬದಲಾಯಿತು. ಮಾತುಕತೆಗೆ ಬಂದ ಸೋದರಮಾವ ಎರಡೂ ಕಡೆ ತಲೆಯಾಡಿಸಿದ. ಅಂಗಡಿಯ ಬಾಡಿಗೆ ಕರಾರು ತಮ್ಮನ ಹೆಸರಲ್ಲಿ, ಹೊಸ ಫೋನು ಅವನೇ ಕೊಂಡದ್ದು, ಗಿರಾಕಿಗಳಿಗೆ ಗೊತ್ತಿರುವುದು ಅವನ ದನಿ. ಹಾಗಾದರೆ ಅಕ್ಕನದು ಏನು? ಆಗ ಅಮ್ಮ ಬಾಯಿ ಬಿಟ್ಟಳು.

"ಅವನಿಗೆ ಸಂಸಾರ ಇದೆ. ನೀನು ಒಂಟಿ ಜೀವ. ನಿನಗೆ ಏನು ಬೇಕು ಹೇಳು?"

ಅಕ್ಕ ಎದ್ದಳು. ಎಸೆದ ಫೋನನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಒಳಗಿನ ಸಿಮ್ಮನ್ನು ಅವನು ಮೊದಲೇ ತೆಗೆದು ತನ್ನ ಹೊಸ ಫೋನಿಗೆ ಹಾಕಿಕೊಂಡಿದ್ದ. ಆ ಮನೆ ಬಿಟ್ಟು ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆಗೆ ಬಂದಳು. ಒಂದು ಕಿಟಕಿ, ಒಂದು ಮಂಚ, ಕೆಳಗಡೆ ದಿನವಿಡೀ ಹೊಲಿಗೆ ಯಂತ್ರಗಳ ಗುರುಗುರು. ಅಮ್ಮನೊಂದಿಗೆ ಮಾತು ನಿಂತಿತು.

ಕೆಲಸ ಸಿಕ್ಕೇ ಸಿಗುತ್ತದೆ ಎಂದು ಅವಳು ನಂಬಿದ್ದಳು. ಕೈ ಇದೆ, ಚೀಲ ಇದೆ, ಇನ್ನೇನು? ಮನೆ ಮನೆ ಸುತ್ತಿದಳು. ಎಲ್ಲರೂ ಒಳ್ಳೆಯವರೇ. ಎಲ್ಲರೂ ಒಂದೇ ಮಾತು ಹೇಳಿದರು.

"ಈಗೇನೂ ಕೆಟ್ಟಿಲ್ಲ ಅಕ್ಕಾ. ನಂಬರ್ ಕೊಟ್ಟಿರಿ, ಕೆಟ್ಟಾಗ ಫೋನ್ ಮಾಡ್ತೀವಿ."

ಕೊಡುವುದಕ್ಕೆ ನಂಬರೆಲ್ಲಿದೆ? ಟೈಲರ್ ಅಂಗಡಿಯ ಮೇಲೆ ಬಂದು ಕೂಗಿ ಎಂದರೆ ಯಾರು ಬರುತ್ತಾರೆ? ನೀರು ನೆಲಕ್ಕೆ ಹರಿಯುತ್ತಿರುವಾಗ ಚಪ್ಪಲಿ ಮೆಟ್ಟಿಕೊಂಡು ರಿಪೇರಿಯವಳನ್ನು ಹುಡುಕುವವರು ಯಾರೂ ಇಲ್ಲ. ಅವರು ಮುಚ್ಚಳ ತೆಗೆಯುತ್ತಾರೆ, ಹಳದಿ ಚೀಟಿ ನೋಡುತ್ತಾರೆ, ಒತ್ತುತ್ತಾರೆ.

ಒಬ್ಬ ದಂತವೈದ್ಯೆಯ ಮನೆಯಲ್ಲಿ ಹೀಗಾಯಿತು. ಅಕ್ಕ ಹೋಗಿ ಪಂಪಿನಲ್ಲಿ ಸಿಕ್ಕಿಕೊಂಡಿದ್ದ ಅಂಗಿಯ ಗುಂಡಿಯನ್ನು ತೆಗೆದು ಮೆಷಿನ್ ಸರಿಮಾಡಿ ಬಂದಳು. ಮುಂದಿನ ವಾರ ಅದೇ ಬೀದಿಯಲ್ಲಿ ವೈದ್ಯೆ ಸಿಕ್ಕಿ, "ಮತ್ತೆ ಬೆಲ್ಟ್ ಕಿತ್ತುಹೋಗಿತ್ತು, ಫೋನ್ ಮಾಡಿದ ತಕ್ಷಣ ನಿಮ್ಮ ಹುಡುಗ್ರು ಬಂದು ಹಾಕಿ ಹೋದ್ರು," ಎಂದು ಖುಷಿಯಿಂದ ಹೇಳಿದಳು. ನಿಮ್ಮ ಹುಡುಗರು. ಅಕ್ಕ ನಕ್ಕಳು, ಕೋಣೆಗೆ ಬಂದು ಸ್ಪ್ಯಾನರನ್ನು ಗೋಡೆಗೆ ಎಸೆದಳು. ಗೋಡೆಯ ಸುಣ್ಣ ಉದುರಿತು, ಮನಸ್ಸಿನ ಉರಿ ಇಳಿಯಲಿಲ್ಲ. ಆ ಊರಿನ ಎಲ್ಲ ಮೆಷಿನ್ನುಗಳಿಗೆ ಆ ಚೀಟಿಗಳನ್ನು ಅಂಟಿಸಿದವಳು ಇವಳೇ. ಹೆಬ್ಬೆರಳಿಂದ ನಾಲ್ಕು ಮೂಲೆ ಒತ್ತಿ ಒತ್ತಿ ತನ್ನ ಗೋರಿಯನ್ನು ತಾನೇ ತೋಡಿಕೊಂಡಿದ್ದಳು.

ಒಂದು ಫೋನು ಬೇಕೇ ಬೇಕು ಎಂದು ಫೋನ್ ಅಂಗಡಿಗೆ ಹೋದಳು. ಅಲ್ಲಿ ಕೂತಿದ್ದವಳು ಕನ್ನಡಕವನ್ನು ನೆತ್ತಿಗೇರಿಸಿಕೊಂಡ ಒಬ್ಬ ನಡುವಯಸ್ಸಿನ ಹೆಂಗಸು. ಅಕ್ಕ ಗಾಜಿನ ಪೆಟ್ಟಿಗೆಯೊಳಗಿನ ಬೆಲೆಗಳನ್ನು ನೋಡಿದಳು. ಒಂದೇ ಸಲಕ್ಕೆ ಕೊಳ್ಳುವುದು ಅವಳ ಕೈಗೆ ಎಟುಕುವ ಮಾತಾಗಿರಲಿಲ್ಲ.

"ಕಾಂಟ್ರಾಕ್ಟಿನಲ್ಲಿ ಕೊಡಿ," ಎಂದಳು.

ಅಂಗಡಿಯವಳು ಅವಳ ಗುರುತಿನ ಚೀಟಿ ತೆಗೆದುಕೊಂಡು ಅದರ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹೊಡೆದಳು. "ಆಗಲ್ಲ ಅಕ್ಕಾ. ನಿಮ್ಮ ಹೆಸರಲ್ಲಿ ಆಗಲೇ ಒಂದು ನಡೀತಿದೆ. ಅದು ಮುಗಿಯೋ ತನಕ ಇನ್ನೊಂದು ಕೊಡೋ ಹಾಗಿಲ್ಲ."

ಅಕ್ಕನ ಮೈ ಉರಿದುಹೋಯಿತು. ಅವನು ಮಾತಾಡುವುದಕ್ಕೆ ಇವಳು ದುಡ್ಡು ಕಟ್ಟಬೇಕು, ಅದನ್ನು ಕಟ್ಟುತ್ತಿರುವ ತಪ್ಪಿಗೆ ಇವಳಿಗೆ ಫೋನಿಲ್ಲ. "ಹಾಗಾದ್ರೆ ಆ ಕಂತು ಕಟ್ಟೋದೇ ನಿಲ್ಲಿಸ್ತೀನಿ," ಎಂದಳು. "ಹಾಳಾಗಿ ಹೋಗಲಿ. ಕಟ್ ಆಗಲಿ."

"ಅಯ್ಯೋ, ಹಾಗೆ ಮಾಡಬೇಡಿ. ನಂಬರ್ ಕಳಕೊಳ್ತೀರಿ. ಸ್ವಲ್ಪ ದಿನ ಆದ್ಮೇಲೆ ಅದನ್ನ ಬೇರೆ ಯಾರಿಗೋ ಕೊಟ್ಟುಬಿಡ್ತಾರೆ." ಅಂಗಡಿಯವಳು ಕನ್ನಡಕ ಇಳಿಸಿಕೊಂಡು ತೆರೆಯನ್ನು ನೋಡಿದಳು. "ಎಷ್ಟು ಚೆನ್ನಾಗಿರೋ ನಂಬರು. ಇದು ನಮ್ಮನೆ ಮೆಷಿನ್ ಒಳಗೂ ಅಂಟಿಸಿದೆ ಅನ್ಸುತ್ತೆ. ಫೋನ್ ಏನಾಯ್ತು, ಕಳೆದುಹೋಯ್ತಾ?"

"ಸೆಟ್ಟು ಇದೆ. ಸಿಮ್ ಇಲ್ಲ."

"ಅಷ್ಟೇನಾ? ಅದಕ್ಯಾಕೆ ಹೊಸ ಫೋನ್? ನಿಮ್ಮ ಹೆಸರಿನ ನಂಬರು ನಿಮ್ಮದೇ. ಬೆರಳು ಒತ್ತಿದ್ರೆ ಹೊಸ ಸಿಮ್ ಕೊಡ್ತೀನಿ. ಇದು ಶುರುವಾದ ತಕ್ಷಣ ಹಳೆ ಸಿಮ್ ಎಲ್ಲೇ ಇದ್ರೂ ಸತ್ತುಹೋಗುತ್ತೆ."

ಅಕ್ಕ ಸ್ಟೂಲಿನ ಮೇಲೆ ಕೂತಳು. "ಇನ್ನೊಂದ್ಸಲ ಹೇಳಿ," ಎಂದಳು.

ಅವಳು ಇನ್ನೊಂದು ಸಲ ಹೇಳಿದಳು. ಅಕ್ಕನಿಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಸ್ವಂತದ್ದು ಸ್ವಂತದ್ದು ಎಂದು ಕುಣಿದನಲ್ಲ ಪುಣ್ಯಾತ್ಮ, ಅವನ ಸ್ವಂತದ್ದು ಎಂದರೆ ಬರೀ ಡಬ್ಬಿ. ಅದರೊಳಗಿನ ಜೀವ ಇವಳ ಹೆಸರಿನಲ್ಲಿತ್ತು. ಅವನೇ ಮಾವನ ಎದುರು, ಅಮ್ಮನ ಎದುರು, ಅದು ನಿನ್ನದೇ ಎಂದು ಹೇಳಿ ಮುಗಿಸಿದ್ದ.

"ಮಾಡಿಕೊಡ್ಲಾ?"

"ಇವತ್ತು ಬೇಡ," ಎಂದಳು ಅಕ್ಕ. "ಬರ್ತೀನಿ."

ಯಾಕೆ ಬೇಡ ಎಂದಳು? ಇವತ್ತೇ ಕಿತ್ತುಕೊಂಡರೆ ಅವನಿಗೆ ಒಂದು ವಾರದ ತಲೆನೋವು, ಅಷ್ಟೆ. ಹೇಗೋ ಸುಧಾರಿಸಿಕೊಳ್ಳುತ್ತಾನೆ. ತನಗೆ ಆದದ್ದು ತಲೆನೋವಲ್ಲ. ಬೀದಿಯ ಎದುರು ಎಣ್ಣೆ ಡಬ್ಬಿ ಹಿಡಿದು ನಿಂತದ್ದು. ಅವನೂ ಹಾಗೆಯೇ ನಿಲ್ಲಬೇಕು, ಹೊಸ ಫೋನು ಕೈಯಲ್ಲಿ ಹಿಡಿದುಕೊಂಡು ಬೆಪ್ಪನ ಹಾಗೆ. ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಸಮಯ ಬರುತ್ತದೆಂದು ಗೊತ್ತಿತ್ತು. ಆ ತಿಂಗಳ ಕಂತಿನ ದುಡ್ಡನ್ನು ಅವಳು ನಗುನಗುತ್ತಾ ಬ್ಯಾಂಕಿನ ಖಾತೆಗೆ ಕಟ್ಟಿದಳು. ಕಂತು ಕಟ್ಟುವಾಗ ನಗುವ ಹೆಂಗಸನ್ನು ಬ್ಯಾಂಕಿನವರು ಮೊದಲ ಸಲ ನೋಡಿದ್ದಿರಬೇಕು. ರಾತ್ರಿ ಮಲಗುವ ಮುಂಚೆ ಹಳೆಯ ಸೆಟ್ಟನ್ನು ಚಾರ್ಜಿಗೆ ಹಾಕುತ್ತಿದ್ದಳು. ಸಿಮ್ ಇಲ್ಲದ ಫೋನಿಗೆ ಚಾರ್ಜು. ಯಾರಾದರೂ ನೋಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಸಮಯ ಬಂದದ್ದು ಹಾಸ್ಟೆಲಿನ ಬಟ್ಟೆ ಒಗೆಯುವ ಹೆಂಗಸಿನ ಬಾಯಲ್ಲಿ. ಊರಿನಲ್ಲಿ ಒಂದು ದೊಡ್ಡ ಹಾಸ್ಟೆಲು, ನೆಲಮಾಳಿಗೆಯಲ್ಲಿ ಸಾಲು ಸಾಲಾಗಿ ಮೆಷಿನ್ನುಗಳು. ಅಕ್ಕ ಎಷ್ಟೋ ಸಲ ಅಲ್ಲಿ ಮೊಣಕಾಲೂರಿ ಕೆಲಸ ಮಾಡಿದ್ದಳು. ಆ ಹೆಂಗಸು ತರಕಾರಿ ಅಂಗಡಿಯ ಮುಂದೆ ಸಿಕ್ಕಿ, "ನಿಮ್ಮ ತಮ್ಮನಿಗೆ ಲಾಟರಿ ಹೊಡೀತಲ್ಲ," ಎಂದಳು. "ಇನ್ನು ಮೇಲೆ ನಮ್ಮ ಎಲ್ಲಾ ಮೆಷಿನ್ ಒಬ್ರೇ ನೋಡ್ಕೋಬೇಕಂತೆ, ವರ್ಷಕ್ಕಿಷ್ಟು ಅಂತ. ಮೂರು ಜನ ಕೇಳಿದಾರೆ. ಮೇಡಂ ಸೋಮವಾರ ಬೆಳಿಗ್ಗೆ ಮೊದಲು ನಿಮ್ಮ ತಮ್ಮನಿಗೇ ಫೋನ್ ಮಾಡ್ತಾರಂತೆ. ಎತ್ತಲಿಲ್ಲ ಅಂದ್ರೆ ಮುಂದಿನವರಿಗೆ."

"ಎತ್ತಲಿಲ್ಲ ಅಂದ್ರೆ ಮುಂದಿನವರಿಗೆ," ಎಂದು ಅಕ್ಕ ಮೆಲ್ಲಗೆ ಹೇಳಿಕೊಂಡಳು.

"ಅವನು ಎತ್ತದೇ ಇರ್ತಾನಾ? ಫೋನ್ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾನಂತೆ."

ಸೋಮವಾರ ಬೆಳಿಗ್ಗೆ ಫೋನ್ ಅಂಗಡಿಯ ಶಟರು ಅರ್ಧ ಎದ್ದಾಗಲೇ ಅಕ್ಕ ಬಗ್ಗಿ ಒಳಗೆ ನುಗ್ಗಿದಳು. ಬೆರಳನ್ನು ಎರಡೆರಡು ಸಲ ಸೋಪು ಹಚ್ಚಿ ತೊಳೆದುಕೊಂಡು ಹೋಗಿದ್ದಳು, ಗ್ರೀಸಿನಿಂದ ಗುರುತು ಮೂಡದೆ ಹೋದೀತೆಂದು. ಬೆರಳು ಒತ್ತಿದಳು. ಅಂಗಡಿಯವಳು ಸಿಮ್ ಹಾಕಿ ಸೆಟ್ಟನ್ನು ಅವಳ ಕೈಗೆ ಕೊಟ್ಟಳು. ಕೈಗೆ ಕೊಟ್ಟಳು, ಎಸೆಯಲಿಲ್ಲ.

ಅಕ್ಕ ತನ್ನ ಕೋಣೆಯ ಮೆಟ್ಟಿಲ ಮೇಲೆ ಕೂತಳು. ಫೋನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಸ್ವಲ್ಪ ಹೊತ್ತಿಗೆ ತೆರೆಯ ಮೂಲೆಯಲ್ಲಿ ಸಿಗ್ನಲ್ಲಿನ ಸಣ್ಣ ಗೆರೆಗಳು ಒಂದೊಂದಾಗಿ ಎದ್ದು ನಿಂತವು. ಊರಿನ ಇನ್ನೊಂದು ಮೂಲೆಯಲ್ಲಿ ನುಣ್ಣಗಿನ ಬೆನ್ನಿನ ಒಂದು ಫೋನಿನಲ್ಲಿ ಅದೇ ಗೆರೆಗಳು ಬಿದ್ದುಹೋದವು. ಅವಳ ಹೊಟ್ಟೆ ತಣ್ಣಗಾಯಿತು. ಅಷ್ಟು ತಣ್ಣಗೆ ಅದು ಎಷ್ಟೋ ದಿನದಿಂದ ಆಗಿರಲಿಲ್ಲ.

ಮೊದಲ ಕರೆ ಒಬ್ಬ ಶಿಕ್ಷಕರದು, ಮೆಷಿನ್ ನಡುಗುತ್ತಾ ಕೋಣೆಯ ನಡುವಿಗೆ ಬರುತ್ತಿದೆಯಂತೆ. ಎರಡನೆಯದು ಯಾರೋ ತಪ್ಪಾಗಿ ಒತ್ತಿದ್ದು. ಮೂರನೆಯದು ಹಾಸ್ಟೆಲಿನ ಮೇಲ್ವಿಚಾರಕಿಯದು.

"ರಿಪೇರಿ ಅಂಗಡಿಯವರು ಇಲ್ವಾ?" ಎಂದಳು ಆಕೆ, ಹೆಂಗಸಿನ ದನಿ ಕೇಳಿ.

"ಇಲ್ಲ ಮೇಡಂ. ಈ ನಂಬರು ನನ್ನದು. ನಿಮ್ಮಲ್ಲಿಗೆ ಬಂದು ಕೆಲಸ ಮಾಡ್ತಿದ್ದವಳು ನಾನೇ."

"ಓ, ಆ ಚೀಲದ ಅಕ್ಕನಾ ನೀವು?" ಮೇಲ್ವಿಚಾರಕಿಯ ದನಿ ಸಡಿಲವಾಯಿತು. "ಮಧ್ಯೆ ಯಾರೋ ಹುಡುಗ್ರು ಬರ್ತಿದ್ರು. ಒಂದು ಸರಿಮಾಡಿದ್ರೆ ಇನ್ನೊಂದು ಸೋರುತ್ತಿತ್ತು. ನೀವೇ ಬರೋದಾದ್ರೆ ಹೇಳಿ, ಇವತ್ತೇ ಮಾತು ಮುಗಿಸೋಣ."

"ನಾನೇ ಬರ್ತೀನಿ," ಎಂದಳು ಅಕ್ಕ. ತಮ್ಮನ ಮೇಲೆ ಒಂದು ಚಾಡಿಯನ್ನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಎದ್ದು ಹೋಗಿ ಕೆಲಸ ಹಿಡಿದುಕೊಂಡು ಬಂದಳು.

ಹಿಂದಿರುಗುವಾಗ ಬೇಕೆಂದೇ ಹಳೆಯ ಅಂಗಡಿಯ ಬೀದಿಯಲ್ಲಿ ಬಂದಳು. ತಮ್ಮ ಅಂಗಡಿಯ ಮುಂದೆ ನಿಂತಿದ್ದ. ಹೊಸ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗುತ್ತಿದ್ದ, ಆಕಾಶದಿಂದ ಏನೋ ಉದುರುತ್ತದೆ ಎಂಬಂತೆ. ಆರಿಸಿದ, ಹಚ್ಚಿದ, ಮತ್ತೆ ಎತ್ತಿ ಹಿಡಿದ. ಇಬ್ಬರು ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತು ನಗು ತಡೆದುಕೊಂಡಿದ್ದರು. ಅಕ್ಕ ಬೀದಿಯ ಆಚೆ ಬದಿಯಲ್ಲಿ ನಿಂತು ಕಣ್ತುಂಬ ನೋಡಿದಳು. ಅವನ ಕಣ್ಣು ಇವಳ ಮೇಲೆ ಬೀಳಲಿಲ್ಲ. ಬೀಳದಿದ್ದರೆ ಬೇಡ.

ಆಗಲೇ ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದಳು.

"ಊಟ ಆಯ್ತಾ ಮಗನೇ?"

ಇದನ್ನು ಅಕ್ಕ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಗಿರಾಕಿಗಳು, ಹಾಸ್ಟೆಲು, ಎಲ್ಲವನ್ನೂ ಯೋಚಿಸಿದ್ದಳು. ನಂಬರಿನ ಜೊತೆಗೆ ಈ ಪ್ರಶ್ನೆಯೂ ಬರುತ್ತದೆ ಎಂದು ಹೊಳೆದಿರಲಿಲ್ಲ.

"ಇನ್ನೂ ಇಲ್ಲ," ಎಂದಳು.

ಆ ಕಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಮನೆಯ ಫೋನಿನ ಮೇಲುಗಡೆ ಗೋಡೆಯಲ್ಲಿರುವ ಹಳೆಯ ಗಡಿಯಾರ. ಆಮೇಲೆ ಅಮ್ಮ, "ಅವನೆಲ್ಲಿ?" ಎಂದಳು.

"ಗೊತ್ತಿಲ್ಲ. ಇದು ನನ್ನ ನಂಬರು."

ಅಮ್ಮ ಫೋನು ಇಟ್ಟುಬಿಟ್ಟಳು. ಅಕ್ಕ ಹಲ್ಲು ಕಚ್ಚಿಕೊಂಡು ನಡೆದಳು. ಇಟ್ಟರೆ ಇಡಲಿ. ಇದಕ್ಕಿಂತ ಬೇರೆ ಏನು ಬರಬೇಕಿತ್ತು ಆ ಬಾಯಲ್ಲಿ? ಇಷ್ಟಾದರೂ ದಾರಿಯಲ್ಲಿ ಎರಡು ಸಲ ಫೋನು ತೆಗೆದು ನೋಡಿಕೊಂಡಳು, ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸಂಜೆ ತಮ್ಮ ಬಂದ, ಸೋದರಮಾವನನ್ನು ಮುಂದಿಟ್ಟುಕೊಂಡು. ಮಾವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮಂಚದ ತುದಿಯಲ್ಲಿ ಕೂತ. ತಮ್ಮನಿಗೆ ಕೂರಲು ಜಾಗವಿರಲಿಲ್ಲ, ಅಕ್ಕ ಮಾಡಿಕೊಡಲೂ ಇಲ್ಲ. ಫೋನ್ ಅಂಗಡಿಗೆ ಹೋಗಿ ಎಲ್ಲ ತಿಳಿದುಕೊಂಡು ಬಂದಿದ್ದ. ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಹಾಸ್ಟೆಲಿಗೆ ಹೋಗಿದ್ದೆ," ಎಂದ. "ಬಾಗಿಲಲ್ಲೇ ಮಾತಾಡ್ಸಿ ಕಳಿಸಿದ್ರು. ಹೀಗಾ ಮಾಡೋದು ನೀನು? ಸ್ವಂತ ತಮ್ಮನಿಗೆ?"

"ಸ್ವಂತ ಅನ್ನೋ ಮಾತು ನಿನಗೆ ಬಹಳ ಇಷ್ಟ, ಗೊತ್ತು," ಎಂದಳು ಅಕ್ಕ.

ಮಾವ ಗಂಟಲು ಸರಿಮಾಡಿಕೊಂಡ. "ಆದದ್ದಾಯ್ತು. ನಂಬರ್ ಅವನ ಹೆಸರಿಗೆ ಮಾಡಿಕೊಡು. ಅಂಗಡಿಯಲ್ಲಿ ನಿನಗೂ ಒಂದು ಕೀಲಿ ಕೊಡ್ತಾನೆ."

ತಮ್ಮ ಜೇಬಿನಿಂದ ಆ ಹೊಳೆಯುವ ಫೋನನ್ನು ತೆಗೆದು, ಈ ಸಲ ಎಸೆಯದೆ, ಎರಡೂ ಕೈಯಲ್ಲಿ ಹಿಡಿದು ನೀಡಿದ. "ಇದನ್ನೂ ನೀನೇ ಇಟ್ಕೋ ಅಕ್ಕಾ. ಪೂರ್ತಿ ದುಡ್ಡು ಕೊಟ್ಟಿರೋದು. ಒಂದು ರೂಪಾಯಿ ಕಂತಿಲ್ಲ. ಸಹಿ ಮಾತ್ರ ಹಾಕು."

ಅಕ್ಕ ಅದನ್ನು ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಅದರ ಬೆನ್ನಿನಲ್ಲಿ ಮುಖ ನೋಡಿಕೊಂಡು, ಅಮ್ಮ ಮಾಡಿದ ಹಾಗೆಯೇ ಕೂದಲು ಸರಿಮಾಡಿಕೊಂಡಳು. ಅದಕ್ಕೇನೂ ಆತುರಪಡಲಿಲ್ಲ.

"ಚೆನ್ನಾಗಿದೆ ಕಣೋ," ಎಂದಳು. "ಕನ್ನಡಿ ಹಾಗಿದೆ. ಇದಕ್ಕೆ ಫೋನ್ ಬರುತ್ತಾ?"

ಅಷ್ಟರಲ್ಲಿ ಅವಳ ಹಳೆಯ ಸೆಟ್ಟು ಹೊಡೆದುಕೊಂಡಿತು. ಒಬ್ಬ ಗಿರಾಕಿ. ಅಕ್ಕ ಇಬ್ಬರನ್ನೂ ಕಾಯಿಸಿ ನಿಧಾನವಾಗಿ ವಿಳಾಸ ಕೇಳಿಕೊಂಡಳು, ಬೀದಿಯ ಗುರುತು ಕೇಳಿದಳು, ನಾಯಿ ಇದೆಯಾ ಎಂದು ಕೇಳಿದಳು. ಎಲ್ಲ ಮುಗಿಸಿ ಮಾವನ ಕಡೆ ತಿರುಗಿದಳು.

"ಮಾವ, ಅವತ್ತು ನೀವೂ ಇದ್ರಲ್ಲ. ಈ ಸೆಟ್ಟು ಬಂದು ನಿಮ್ಮ ಲೋಟಕ್ಕೇ ಬಡೀತು. ಕಂತು ಯಾರು ಕಟ್ಟೋದು ಅಂತ ಕೇಳ್ದಾಗ ಇವನು ಏನಂದ? ನನಗೆ ವಯಸ್ಸಾಯ್ತು, ಮರೆತುಹೋಗಿದೆ. ನೀವೇ ಹೇಳಿ."

ಮಾವ ತನ್ನ ಚಪ್ಪಲಿಯನ್ನು ನೋಡಿಕೊಂಡ. ಅಕ್ಕ ಕಾದಳು.

"ನಿನ್ನ ಹೆಸರಲ್ಲಿದೆ, ನೀನೇ ನೋಡ್ಕೋ ಅಂದ," ಎಂದ ಮಾವ ಕೊನೆಗೆ, ಸೋತ ದನಿಯಲ್ಲಿ.

"ನೋಡ್ಕೋತಿದೀನಿ," ಎಂದು ಅಕ್ಕ ಹೊಳೆಯುವ ಫೋನನ್ನು ತಮ್ಮನ ಜೇಬಿಗೆ ತಾನೇ ಇಳಿಬಿಟ್ಟಳು. "ಕೀಲಿ ನಿನ್ನ ಹತ್ರಾನೇ ಇರಲಿ. ಬೀಗ ಬಿಗಿಯಾದ್ರೆ ಎಣ್ಣೆ ಬಿಡು."

ತಮ್ಮ ಬಾಗಿಲಿನವರೆಗೆ ಹೋಗಿ ತಿರುಗಿದ. ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ಅವಮಾನದ್ದೋ. "ಅಮ್ಮನ ಬಗ್ಗೆಯಾದ್ರೂ ಯೋಚನೆ ಮಾಡಿದ್ಯಾ? ಆ ವಯಸ್ಸಿಗೆ ಅವಳಿಗೆ ಬಾಯಿಪಾಠ ಇರೋದು ಅದೊಂದೇ ನಂಬರು."

"ಹೊಸದು ಕಲಿಸು."

"ಕಲಿಸ್ತೀನಿ. ಇವತ್ತೇ ಹೊಸ ನಂಬರ್ ತಗೊಂಡು ಫೋನಿನ ಮೇಲೆ ಗೋಡೆಯಲ್ಲಿ ಇಷ್ಟು ದೊಡ್ಡದಾಗಿ ಬರೆದು ಹಾಕ್ತೀನಿ. ನಿನ್ನ ನಂಬರಿಗೆ ಅವಳು ಇನ್ನು ಅಪ್ಪಿತಪ್ಪಿಯೂ ಫೋನ್ ಮಾಡಲ್ಲ, ನೋಡ್ತಿರು."

"ಆಗಲಿ," ಎಂದಳು ಅಕ್ಕ. ಅವರು ಇಳಿದುಹೋಗುವ ಸದ್ದು ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಚಿಲಕ ಹಾಕಿದಳು. ಸೇಡು ತೀರಿತ್ತು. ಮಾವನ ಬಾಯಿಂದಲೇ ಆ ಮಾತು ಹೊರಬಿದ್ದದ್ದನ್ನು ನೆನೆಸಿಕೊಂಡು ಒಬ್ಬಳೇ ನಕ್ಕಳು. ತಮ್ಮನ ಕೊನೆಯ ಮಾತು ನೆನಪಾದಾಗ ನಗು ನಿಂತಿತು.

ಮರುದಿನ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಕೆಲಸ ಶುರುವಾಯಿತು. ಹುಡುಗರು ಕೆಡಿಸಿಟ್ಟದ್ದನ್ನು ಒಂದೊಂದಾಗಿ ಬಿಚ್ಚುತ್ತಾ ಅಕ್ಕ ಒಂದೊಂದಕ್ಕೂ ತಮ್ಮನನ್ನು ಬೈದಳು. ಬೈಯುತ್ತಾ ಮಾಡಿದರೆ ಕೆಲಸ ಚೆನ್ನಾಗಿ ಸಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಒಂದು ಡ್ರಮ್ಮಿನೊಳಗಿತ್ತು. ಮೆಷಿನ್ನಿನ ಮೇಲಿಟ್ಟಿದ್ದ ಫೋನು ಹೊಡೆದುಕೊಂಡಿತು.

ತಲೆ ಹೊರಗೆ ತೆಗೆದು ನೋಡಿದಳು. ಅಮ್ಮನ ಮನೆಯ ನಂಬರು.

ಅವಳು ಎತ್ತಲಿಲ್ಲ. ಕೈ ಒದ್ದೆಯಾಗಿತ್ತು, ಒಣಗಿದ್ದರೂ ಎತ್ತುತ್ತಿರಲಿಲ್ಲ. ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಕೈತಪ್ಪಿ ಹಳೆಯದನ್ನೇ ಒತ್ತಿರಬೇಕು ಅಮ್ಮ, ಗೋಡೆ ನೋಡಿ ಈಗ ಸರಿಯಾದದ್ದನ್ನು ಒತ್ತುತ್ತಾಳೆ ಎಂದುಕೊಂಡು ಸ್ಪ್ಯಾನರ್ ಎತ್ತಿಕೊಂಡಳು.

ಫೋನು ಮತ್ತೆ ಹೊಡೆದುಕೊಂಡಿತು. ಅದೇ ನಂಬರು.

ಈ ಸಲ ಎತ್ತಿ ಕಿವಿಗಿಟ್ಟುಕೊಂಡಳು. ಹಲೋ ಎನ್ನಲಿಲ್ಲ. ಆ ಕಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಗಡಿಯಾರದ ಕೆಳಗೆ, ಅಮ್ಮನ ಕಣ್ಣೆದುರಿಗೇ, ಮಗನ ಹೊಸ ನಂಬರು ದೊಡ್ಡದಾಗಿ ಬರೆದಿರಬೇಕು.

"ಊಟ ಆಯ್ತಾ?" ಎಂದಳು ಅಮ್ಮ.

ಮಗನೇ ಎನ್ನಲಿಲ್ಲ. ಅಷ್ಟು ದೊಡ್ಡ ದನಿಯ ಅಮ್ಮ ಇವತ್ತು ಎಷ್ಟು ಮೆಲ್ಲಗೆ ಕೇಳಿದಳೆಂದರೆ ಅಕ್ಕ ಪಕ್ಕದ ಮೆಷಿನ್ನನ್ನು ನಿಲ್ಲಿಸಬೇಕಾಯಿತು. ಇದಕ್ಕೆ ಕೊಡಬೇಕಾದ ಉತ್ತರ ವರ್ಷಗಳಿಂದ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದಲ್ಲ, ಹತ್ತು ಉತ್ತರಗಳಿದ್ದವು, ಒಂದಕ್ಕಿಂತ ಒಂದು ಖಾರ.

"ಕೆಲಸ ಇದೆ," ಎಂದಳು. "ಸ್ವಲ್ಪ ಇರು."

ಇಷ್ಟು ವರ್ಷ ಕಾಯಿಸಿದವಳು ಸ್ವಲ್ಪ ಕಾಯಲಿ ಎಂದುಕೊಂಡು ಫೋನನ್ನು ಮೆಷಿನ್ನಿನ ಮೇಲಿಟ್ಟಳು. ಕರೆಯನ್ನು ಕತ್ತರಿಸಲಿಲ್ಲ. ಬೆಲ್ಟನ್ನು ಪೂರ್ತಿ ಕೂರಿಸಿದಳು, ನಲ್ಲಿಗೆ ಹೋಗಿ ಕೈ ತೊಳೆದಳು, ಒಂದೊಂದು ಬೆರಳನ್ನೂ ಒರೆಸಿಕೊಂಡಳು. ಬಂದು ನೋಡಿದಾಗ ಕರೆ ಇನ್ನೂ ಕಡಿದಿರಲಿಲ್ಲ, ಗಡಿಯಾರ ಇನ್ನೂ ಕೇಳಿಸುತ್ತಿತ್ತು. ಅಕ್ಕ ಫೋನನ್ನು ಕೆಳಗಿಳಿಸಿಕೊಂಡು, ಚೀಲದಿಂದ ಊಟದ ಡಬ್ಬಿ ತೆಗೆದು ನೆಲದ ಮೇಲೆ ಕೂತಳು. ಮುಚ್ಚಳ ಬಿಚ್ಚಿ, ಆ ಕಡೆ ಸದ್ದು ಕೇಳಿಸುವ ಹಾಗೆ ಅದನ್ನು ಫೋನಿನ ಪಕ್ಕದಲ್ಲಿಟ್ಟಳು.